ಚಪ್ಪಡಿ ಮನೆಗೆ ಹೊಸ ರೂಪ ಕೊಡಬೇಕು, ಮಾದರಿ ಎಲ್ಲಿ ಹುಡುಕಲಿ?

ರೇಷ್ಮೆಬೀದಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಮನೆಗೆ ಸ್ವಲ್ಪ ಹೊಸ ಕಳೆ ತರಬೇಕು ಅಂತಿದೀವಿ. ಎಲ್ಲಿಂದ ಶುರು ಮಾಡೋದು ಅಂತಲೇ ತಿಳೀತಿಲ್ಲ. ಹಳೇ ಮನೆ ಸರಿಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಮ್ಮದು ಮಾವನವರು ಕಟ್ಟಿಸಿದ ಕಲ್ಲು ಚಪ್ಪಡಿ ಮನೆ, ಆರೂವರೆ ಚದರ. ಮುಂದೆ ಜಗಲಿ. ಒಳಗೆ ಬಂದರೆ ಉದ್ದಕ್ಕೆ ನಡುಮನೆ, ಅದರ ಮಧ್ಯೆ ಎರಡು ಕಲ್ಲುಕಂಬ. ಪಕ್ಕದಲ್ಲಿ ಎರಡು ಪುಟ್ಟ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಗೋಡೆ ಒಂದೂವರೆ ಅಡಿ ದಪ್ಪ, ಕಲ್ಲು ಮಣ್ಣಿನದು, ಮೇಲೆ ಸುಣ್ಣದ ಗಾರೆ. ನೆಲ ರೆಡ್ ಆಕ್ಸೈಡ್. ಚಪ್ಪಡಿ ಇರೋದು ಒಂಬತ್ತೂವರೆ ಅಡಿ ಎತ್ತರದಲ್ಲಿ. ಒಂದು ಕಾಲದಲ್ಲಿ ಆ ನಡುಮನೆ ತುಂಬ ರೇಷ್ಮೆ ಹುಳು ಸಾಕುತ್ತಿದ್ದರು. ಈಗ ಹುಳು ಇಲ್ಲ. ನಾನು ನೂಲು ಬಿಚ್ಚೋ ಘಟಕವೊಂದರಲ್ಲಿ ಲೆಕ್ಕ ಬರೀತೀನಿ, ನಮ್ಮ ಮನೆಯವರು ಟೆಂಪೋದಲ್ಲಿ ಗೂಡು ಸಾಗಿಸ್ತಾರೆ.

ಕಷ್ಟ ಇರೋದು ಕತ್ತಲೆಯದು. ನಡುಮನೆಗೆ ಇರೋದೇ ಒಂದು ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ ಎದುರಾಗಿ. ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಹಾಕಬೇಕು. ಸಾಮಾನು ಎಲ್ಲೆಂದರಲ್ಲಿ: ಗೋದ್ರೇಜ್ ಬೀರು, ಮೂರು ಜನ ಕೂರೋ ಸೋಫಾ, ಟಿವಿ ಸ್ಟ್ಯಾಂಡ್, ಹೊಲಿಗೆ ಯಂತ್ರ, ಅಟ್ಟದಲ್ಲಿ ಹಿಡಿಸದ ಪಾತ್ರೆ. ಮಗಳು ಪಿಯುಸಿ ಓದ್ತಿದ್ದಾಳೆ. ಗೆಳತಿಯರನ್ನು ಮನೆಗೆ ಕರೆಯೋಕೆ ಹಿಂಜರಿತಾಳೆ, ಅದು ನನಗೆ ಬಹಳ ನೋವು.

ಚೀಟಿ ಎತ್ತಿದ ದುಡ್ಡು ಒಂದು ಲಕ್ಷ ಎಂಬತ್ತು ಸಾವಿರ ಇದೆ. ಒಬ್ಬ ಇಂಟೀರಿಯರ್ ಕಂಟ್ರಾಕ್ಟರನ್ನ ಕರೆಸಿದ್ವಿ. ಫಾಲ್ಸ್ ಸೀಲಿಂಗ್, ಗೋಡೆಗೆ ಪಿವಿಸಿ ಪ್ಯಾನೆಲ್, ನೆಲಕ್ಕೆ ಟೈಲ್ಸ್, ಎರಡೂ ಕಂಬಕ್ಕೆ ಪ್ಲೈವುಡ್ ಪೆಟ್ಟಿಗೆ ಹೊಡೆದು ಮೇಲೆ ಸನ್‌ಮೈಕಾ. ಹೀಗೆ ಹೇಳಿ ನಮ್ಮ ದುಡ್ಡಿನ ಎರಡರಷ್ಟಕ್ಕೂ ಮೀರಿದ ಲೆಕ್ಕ ಕೊಟ್ಟು ಹೋದರು. ಅತ್ತೆ ಹೇಳಿದ್ದು ಒಂದೇ ಮಾತು: "ಕಂಬ ಮುಚ್ಚೋದಾದ್ರೆ ನನ್ನ ಕೇಳಬೇಡಿ."

ಮಗಳು ಫೋನ್‌ನಲ್ಲಿ ರಾಶಿ ಚಿತ್ರ ಇಟ್ಟುಕೊಂಡಿದ್ದಾಳೆ. ಎಲ್ಲಾ ಬೆಂಗಳೂರಿನ ಅಪಾರ್ಟ್‌ಮೆಂಟಿನದ್ದು. ಅವರ ಹಾಲ್ ಒಂದೇ ನಮ್ಮ ಇಡೀ ಮನೆಯಷ್ಟಿದೆ, ಗೋಡೆಯಿಂದ ಗೋಡೆಗೆ ಗಾಜಿನ ಕಿಟಕಿ. ನಮ್ಮಂಥ ತಗ್ಗು ಮಾಡಿನ, ಕಂಬ ಇರೋ ಮನೆಗೆ ಮಾಡರ್ನ್ ಅನ್ನೋ ಹಾಗೆ ಮಾಡೋಕೆ ಎಲ್ಲಿ ನೋಡಿ ಕಲಿಯೋದು? ಚೊಕ್ಕಟವಾಗಿ, ಬೆಳಕಾಗಿ ಇರಬೇಕು. ಅಷ್ಟೇ ನಮಗೆ ಬೇಕಾಗಿರೋದು.

ಗಾರೆಕಲ್ಲು, ತುಮಕೂರು

ಅಕ್ಕ, ನಾನು ಆರ್ಕಿಟೆಕ್ಚರ್ ಓದಿ ತುಮಕೂರಿನಲ್ಲೇ ಸಣ್ಣ ಮನೆಗಳ ಕೆಲಸ ಮಾಡ್ತೀನಿ. ನಿಮ್ಮ ಅತ್ತೆಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮೊದಲು ಆ ಕಂಬ ಯಾಕಿದೆ ನೋಡಿ. ಕಲ್ಲು ಒತ್ತಡ ಎಷ್ಟು ಬೇಕಾದರೂ ತಡೆಯುತ್ತೆ, ಬಾಗಿಸಿದರೆ ಮಾತ್ರ ಬಿರುಕು ಬಿಡುತ್ತೆ. ಅದಕ್ಕೇ ಚಪ್ಪಡಿಯನ್ನು ಏಳೆಂಟು ಅಡಿಗಿಂತ ಉದ್ದಕ್ಕೆ ಆಸರೆ ಇಲ್ಲದೆ ಹಾಕ್ತಿರಲಿಲ್ಲ, ನಡುವೆ ಕಂಬ ನಿಲ್ಲಿಸಿ ತೊಲೆ ಕೊಡ್ತಿದ್ದರು. ಇಡೀ ಮಾಡು ಕೂತಿರೋದು ಅದರ ಮೇಲೆ. ತೆಗೆಯೋಕಂತೂ ಆಗಲ್ಲ. ಪೆಟ್ಟಿಗೆ ಹೊಡೆದರೆ ಸುತ್ತ ಅರ್ಧ ಅಡಿ ಜಾಗ ತಿನ್ನುತ್ತೆ, ಒಳಗೆ ಗೆದ್ದಲು ಸೇರಿದರೂ ಕಾಣಲ್ಲ. ಫಾಲ್ಸ್ ಸೀಲಿಂಗ್ ಇನ್ನೂ ಬೇಡ. ನಿಮ್ಮ ಒಂಬತ್ತೂವರೆ ಅಡಿಯಲ್ಲಿ ಅರ್ಧ ಮುಕ್ಕಾಲು ಅಡಿ ಹೋಗುತ್ತೆ, ಚಪ್ಪಡಿ ಸಂದಿಯಲ್ಲಿ ನೀರು ಜಿನುಗಿದರೆ ಜಿಪ್ಸಂ ಹಲಗೆ ಕೊಳೆತು ಬೀಳೋವರೆಗೂ ಗೊತ್ತಾಗಲ್ಲ.

ಮಾದರಿ ಎಲ್ಲಿ ಅಂತ ಕೇಳಿದಿರಿ. ಮಗಳ ಹತ್ತಿರ ಇರೋ ಚಿತ್ರಗಳನ್ನ ಬಿಸಾಡಬೇಡಿ. ಅವಳಿಗೆ ತುಂಬಾ ಇಷ್ಟವಾದ ಏಳೆಂಟು ಚಿತ್ರ ಆರಿಸೋಕೆ ಹೇಳಿ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಸೋಫಾ ಯಾವುದು, ದೀಪ ಯಾವುದು ಅಂತ ನೋಡೋದು ಬೇಡ. ಎಲ್ಲದರಲ್ಲೂ ಮತ್ತೆ ಮತ್ತೆ ಬರೋದೇನು ಅಂತ ಹುಡುಕಲಿ. ಸಾಮಾನ್ಯವಾಗಿ ಸಿಗೋದು ಇವು: ನೆಲದ ಬಹುಪಾಲು ಖಾಲಿ, ಪೀಠೋಪಕರಣ ಮಂಡಿ ಎತ್ತರಕ್ಕಿಂತ ಕೆಳಗೆ, ಮರದ ಬಣ್ಣ ಒಂದೇ, ದೀಪದ ಬೆಳಕು ಹಳದಿ ಛಾಯೆಯದು. ಇದರಲ್ಲಿ ಯಾವುದಕ್ಕೂ ದೊಡ್ಡ ಹಾಲ್ ಬೇಕಿಲ್ಲ. ಆ ಚಿತ್ರಗಳನ್ನು ಅಗಲ ಕಾಣೋ ಲೆನ್ಸಿನಲ್ಲಿ, ಮನೆಯವರ ಸಾಮಾನೆಲ್ಲ ಆಚೆ ಇಟ್ಟು ತೆಗೆದಿರ್ತಾರೆ ಅನ್ನೋದೂ ನೆನಪಿರಲಿ. ಆಮೇಲೆ ನಿಮ್ಮ ನಡುಮನೆಯನ್ನು ನಾಲ್ಕು ಮೂಲೆಯಿಂದ ಹಗಲಲ್ಲಿ ಫೋಟೋ ತೆಗೆದು ಅದರ ಪಕ್ಕದಲ್ಲಿಡಿ. ದಿನಾ ಓಡಾಡೋ ಕಣ್ಣಿಗೆ ಬೀಳದ್ದು ಫೋಟೋದಲ್ಲಿ ಬೀಳುತ್ತೆ.

ಇನ್ನು ಕಲ್ಲಿನಲ್ಲೇ ಆಧುನಿಕವಾಗಿ ಕಟ್ಟಿದ್ದು ನೋಡಬೇಕು ಅಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡದ ಚಿತ್ರ ಹುಡುಕಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಮಾಡಿದ್ದು. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು, ಭಾರತಕ್ಕೆ ಅದೇ ಮೊದಲು. ಒರಟು ಬೂದು ಗ್ರಾನೈಟ್ ಗೋಡೆ, ಮೇಲಿನಿಂದ ಇಳಿಯೋ ಬೆಳಕು, ಉದ್ದದ ಓಣಿ. ಬಣ್ಣ ಏನೂ ಬಳಿದಿಲ್ಲ. ಲಾರಿ ಬೇಕರ್ ಅನ್ನೋ ವಾಸ್ತುಶಿಲ್ಪಿ ಕೇರಳದಲ್ಲಿ ಕಟ್ಟಿದ ಕಡಿಮೆ ಖರ್ಚಿನ ಮನೆಗಳನ್ನೂ ನೋಡಿ. ಅಲ್ಲಿ ಗೋಡೆಗೆ ಅಂಟಿಸಿ ಕಟ್ಟಿದ ಇಟ್ಟಿಗೆ ಕಟ್ಟೆಯೇ ಕೂರೋ ಜಾಗ. ನಿಮಗೆ ಅದು ನೇರ ಉಪಯೋಗಕ್ಕೆ ಬರುತ್ತೆ. ಸೋಫಾ ಮೂರಡಿ ಆಳ ತಿನ್ನುತ್ತೆ. ಹದಿನೆಂಟು ಇಂಚು ಅಗಲ, ಹದಿನಾರು ಇಂಚು ಎತ್ತರದ ಕಟ್ಟೆ ಉದ್ದಗೋಡೆಗೆ ಕಟ್ಟಿಸಿ ಮೇಲೆ ಮೆತ್ತೆ ಹಾಕಿದರೆ ಆರು ಜನ ಕೂರಬಹುದು, ಕೆಳಗೆ ಖಾನೆ ಬಿಟ್ಟರೆ ಸಾಮಾನೂ ಹಿಡಿಸುತ್ತೆ.

ಇಷ್ಟು ದೂರ ಹೋಗೋದೂ ಬೇಡ ಅನ್ನಿಸಿದರೆ, ಒಂದು ಭಾನುವಾರ ಮಗಳನ್ನು ಕರಕೊಂಡು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಬೆಟ್ಟದ ಮೇಲಕ್ಕಲ್ಲ, ಬುಡಕ್ಕೆ. ಒಂಬತ್ತನೇ ಶತಮಾನದಿಂದ ಬೆಳೆದುಬಂದ ಗುಡಿ. ಕೈಸಾಲೆಯಲ್ಲಿ ಸಾಲು ಕಂಬದ ನಡುವೆ ಕೂತು ಬೆಳಕು ಎಲ್ಲಿಂದ ಬರ್ತಿದೆ, ಎಲ್ಲಿ ನಿಲ್ತಿದೆ ನೋಡಿ. ಕಂಬ ಇರೋ ಜಾಗ ಇಕ್ಕಟ್ಟು ಅನ್ನಿಸದೆ ಇರೋಕೆ ಏನು ಬೇಕು ಅಂತ ಅಲ್ಲಿ ಅರ್ಥ ಆಗುತ್ತೆ.

ಒಂದು ಪ್ರಶ್ನೆ: ಚಪ್ಪಡಿಯಲ್ಲಿ ಬೆಳಕಿಂಡಿ ಇದೆಯಾ? ಹಳೇ ಮನೆಗಳಲ್ಲಿ ಇರುತ್ತೆ.

ಬಣ್ಣದ ಮೇಸ್ತ್ರಿ, ಚಿಂತಾಮಣಿ

ಮೇಲೆ ಹೇಳಿದ್ದೆಲ್ಲ ಸರಿ ಐತೆ. ನಾನು ಗೋಡೆ ವಿಚಾರ ಹೇಳ್ತೀನಮ್ಮ, ಅದು ಕೆಟ್ಟರೆ ಮಿಕ್ಕಿದ್ದೆಲ್ಲ ದಂಡ.

ಕಲ್ಲು ಮಣ್ಣಿನ ಗೋಡೆಗೆ ಪಾಯದಿಂದ ತೇವ ಏರ್ತಾನೇ ಇರ್ತದೆ. ಸುಣ್ಣದ ಗಾರೆ ಆ ತೇವಾನ ಆಚೆ ಬಿಡ್ತದೆ. ಅದರ ಮೇಲೆ ಪುಟ್ಟಿ ಎಳೆದು ಪ್ಲಾಸ್ಟಿಕ್ ಎಮಲ್ಷನ್ ಹೊಡೆದ್ರೆ ಮೊದಲ ದೀಪಾವಳಿಗೆ ಚೆನ್ನಾಗಿ ಕಾಣ್ತದೆ. ಆಮೇಲೆ ಮಳೆಗಾಲ ಬಂದ್ರೆ ನೆಲದಿಂದ ಮೂರಡಿವರೆಗೆ ಹಪ್ಪಳ ಎದ್ದು ಉದುರ್ತದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸೋಣ ಅಂತಾರೆ ಕೆಲವರು, ಅದೂ ಬೇಡ. ಕೆಳಗೆ ಮುಚ್ಚಿದ್ರೆ ತೇವ ಇನ್ನೂ ಮೇಲಕ್ಕೆ ಹೋಗ್ತದೆ. ಪಿವಿಸಿ ಪ್ಯಾನೆಲ್ ಹಿಂದೆ ಬೂಸ್ಟು ಕಟ್ಟಿ ಕಪ್ಪಗಾಗಿರೋದನ್ನ ನಾನೇ ಕಿತ್ತು ತೆಗೆದಿದೀನಿ, ಆ ವಾಸನೆಗೆ ಒಳಗೆ ನಿಲ್ಲೋಕಾಗಲ್ಲ.

ನಿಮ್ಮ ಗೋಡೆಗೆ ಸುಣ್ಣವೇ ಸರಿ. ಸುಮ್ಮನೆ ಬಳಿಯೋದಲ್ಲ. ಮೊದಲು ಹಳೇ ಡಿಸ್ಟೆಂಪರ್, ಆಯಿಲ್ ಪೇಂಟ್ ಏನಿದ್ರೂ ಪೂರ್ತಿ ಹೆರೆದು ತೆಗೀಬೇಕು, ಇಲ್ಲ ಅಂದ್ರೆ ಸುಣ್ಣ ಹಿಡಿಯಲ್ಲ. ಕಲ್ಲುಸುಣ್ಣ ತಂದು ನೀರಲ್ಲಿ ಅರಳಿಸಿ, ಒಂದು ವಾರನಾದ್ರೂ ನೆನೆಯೋಕೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಬೇಕು. ಗೋಡೆಗೆ ನೀರು ಚಿಮುಕಿಸಿ ಹಾಲಿನ ಹದಕ್ಕೆ ತೆಳ್ಳಗೆ ಮೂರು ಕೋಟು. ಒಂದು ಕೋಟು ಒಣಗೋ ತನಕ ಇನ್ನೊಂದು ಹಾಕಬಾರದು. ದಪ್ಪಕ್ಕೆ ಎಳೆದ್ರೆ ಬಿರುಕು ಬಿಡ್ತದೆ. ಬಿಳಿ ಬೋಳು ಅನ್ನಿಸಿದ್ರೆ ಹಳದಿ ಆಕ್ಸೈಡು ಒಂಚೂರು ಬೆರೆಸಿ, ಕೆನೆಬಣ್ಣ ಬರ್ತದೆ, ಕೆಂಪು ನೆಲಕ್ಕೆ ಹೊಂದ್ತದೆ. ಸುಣ್ಣ ಬಟ್ಟೆಗೆ ಹತ್ತತದೆ ಅನ್ನೋದು ನಿಜ. ಕಟ್ಟೆ ಹಿಂದೆ ಬೆನ್ನು ಒರಗೋ ಎತ್ತರಕ್ಕೆ ಮರದ ಹಲಗೆನೋ ಚಾಪೆನೋ ಕೊಟ್ಟುಬಿಡಿ.

ಕಂಬಕ್ಕೆ ಎಷ್ಟೋ ಸಲ ಬಣ್ಣ ಬಳಿದಿರ್ತಾರೆ. ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಮೇಲೆ ಹೆರೆದು, ತಂತಿ ಬ್ರಷ್ಷಲ್ಲಿ ಉಜ್ಜಿದ್ರೆ ಕಲ್ಲು ಆಚೆ ಬರ್ತದೆ. ಉಳಿ ಏಟಿನ ಗುರುತು ಸಮೇತ. ಕಿಟಕಿ ಬಾಗಿಲು ತೆರೆದಿಟ್ಟು, ಕೈಗೆ ಗ್ಲೌಸ್ ಹಾಕ್ಕೊಂಡು ಮಾಡಬೇಕು, ಅದರ ಘಾಟು ಕೆಟ್ಟದ್ದು.

ಬಣ್ಣಕ್ಕೆ ಮುಂಚೆ ಮಾಡಿನ ಸಂದಿ ಮುಚ್ಚಿಸಿ, ವೈರಿಂಗ್ ಮುಗಿಸಿ. ಕಲ್ಲು ಗೋಡೆ ಕೊರೆದು ಪೈಪ್ ಹೂಳೋಕೆ ಹೋಗಬೇಡಿ. ಮೇಲೇ ನೆಟ್ಟಗೆ ಪೈಪ್ ಓಡಿಸಿದ್ರೆ ಈಗ ಅದೇ ಫ್ಯಾಷನ್ನು.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರೂ ಕಂಬ, ಕಲ್ಲು ಅಂತ ಹೇಳ್ತಿದೀರಿ. ಆ ಮನೆಯಲ್ಲಿ ದಿನಾ ಗುಡಿಸಿ ಒರೆಸೋರು ಯಾರು, ಬಚ್ಚಲಿಗೆ ಇಳಿಯೋರು ಯಾರು ಅಂತ ಒಬ್ಬರೂ ಕೇಳಲಿಲ್ಲ. ನಮ್ಮಮ್ಮ ಇಂಥದ್ದೇ ಮನೆಯಲ್ಲಿದ್ದಾರೆ. ಬಚ್ಚಲಿಗೆ ಎರಡು ಮೆಟ್ಟಿಲು ಇಳೀಬೇಕು, ಒದ್ದೆ ಗಾರೆ ನೆಲ. ಬಿದ್ದು ತೊಡೆಮೂಳೆ ಮುರಿದ ಮೇಲೆ ಅವರ ನಡಿಗೆ ಮೊದಲಿನ ಹಾಗೆ ಆಗಲೇ ಇಲ್ಲ.

ನಿಮ್ಮ ಅತ್ತೆಗೂ ವಯಸ್ಸಾಗಿದೆ ಅಲ್ವಾ? ನನ್ನ ಪ್ರಕಾರ ಇರೋ ದುಡ್ಡಲ್ಲಿ ದೊಡ್ಡ ಪಾಲು ಬಚ್ಚಲಿಗೆ ಹೋಗಬೇಕು. ಮೆಟ್ಟಿಲು ತುಂಬಿಸಿ ಸಮ ಮಾಡಿಸಿ, ಜಾರದಂಥ ಮ್ಯಾಟ್ ಟೈಲ್ಸ್ ಹಾಕಿಸಿ, ಕೂರೋ ಕಮೋಡ್, ಪಕ್ಕಕ್ಕೆ ಹಿಡಿಯೋ ಸ್ಟೀಲ್ ಸರಳು. ನೀರು ಒಂದೇ ಕಡೆ ಹರಿದು ಹೋಗೋ ಹಾಗೆ ವಾಟ ಕೊಡಿಸಿ. ನಂತರ ಅಡುಗೆಮನೆ. ಕಡಪ ಕಲ್ಲಿನ ಕಟ್ಟೆ ನಿಮ್ಮ ಎತ್ತರಕ್ಕೆ ಸರಿ ಇದೆಯಾ ನೋಡಿಕೊಳ್ಳಿ, ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಇದ್ದರೆ ಸೊಂಟ ನೋಯಲ್ಲ. ಸಿಂಕ್ ಕೆಳಗಿನ ಬಾಗಿಲಿಗೆ ಪ್ಲೈವುಡ್ ಬಳಸೋದಾದರೆ ಐಎಸ್ 710 ಅಂತ ಮುದ್ರೆ ಇರೋದೇ ತಗೊಳ್ಳಿ. ಅದು ನೀರಿಗೆ ಉಬ್ಬಲ್ಲ, ಮಾಮೂಲಿ ಪ್ಲೈ ಉಬ್ಬುತ್ತೆ.

ಮನೆಗೆ ಬಂದ ಗೆಳತಿಯರು ನಡುಮನೆಯಷ್ಟೇ ನೋಡಲ್ಲ, ಬಚ್ಚಲಿಗೂ ಹೋಗ್ತಾರೆ. ಮಗಳ ಹಿಂಜರಿಕೆ ಅಲ್ಲೇ ಇರಬಹುದು, ಕೇಳಿ ನೋಡಿ.

ಅಂತರಗಂಗೆ, ಕೋಲಾರ

ಶ್ರೀನಿವಾಸಪುರದ ಅಕ್ಕ ಹೇಳಿದ್ದನ್ನು ಮೊದಲು ಮಾಡಿ. ಉಳಿದದ್ದರಲ್ಲಿ ನನ್ನದೊಂದು ಸಲಹೆ.

ನಿಮ್ಮ ಅಟ್ಟದಲ್ಲೋ ಹಿತ್ತಿಲಲ್ಲೋ ಹಳೇ ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟಿ, ಇದ್ದೇ ಇರಬೇಕು. ಈಗ ತುಂಬಾ ಜನ ಪ್ಲಾಸ್ಟಿಕ್ ಬಳಸೋದರಿಂದ ಬಿದಿರಿನವು ಮೂಲೆ ಸೇರಿವೆ. ನಮ್ಮ ಚಿಕ್ಕಮ್ಮನ ಮನೆಯಿಂದ ಎರಡು ತಂದು ನಾನು ನಡುಮನೆಗೂ ಊಟದ ಜಾಗಕ್ಕೂ ಮಧ್ಯೆ ನಿಲ್ಲಿಸಿದ್ದೀನಿ. ಆರಡಿ ಉದ್ದ ನಾಲ್ಕಡಿ ಅಗಲದ ಚಾಪೆ, ಅದರ ಮೇಲೆ ಎರಡು ಬೆರಳಗಲದ ಬಿದಿರು ಪಟ್ಟಿ ಸುರುಳಿ ಸುತ್ತಿಕೊಂಡು ಹೋಗಿರುತ್ತೆ. ಹಿಂದಿನ ಚಾಪೆ ಬಿಚ್ಚಿಸಿ, ಸುರುಳಿಯನ್ನಷ್ಟೇ ಮರದ ಚೌಕಟ್ಟಿಗೆ ತಂತಿಯಲ್ಲಿ ಕಟ್ಟಿಸಿದೆ. ಬೆಳಕು, ಗಾಳಿ ಎರಡೂ ಹಾಯುತ್ತೆ, ಆ ಕಡೆಯ ಸಾಮಾನು ಮಾತ್ರ ಎದ್ದು ಕಾಣಲ್ಲ. ಬೆಂಗಳೂರಿಂದ ಬಂದವರೆಲ್ಲ ಇದನ್ನು ಎಲ್ಲಿ ತಂದಿರಿ ಅಂತ ಕೇಳ್ತಾರೆ.

ಮೊದಲು ಅದಕ್ಕೆ ಅಂಟಿರೋ ರೇಷ್ಮೆ ಎಳೆ ತೆಗೀಬೇಕು. ಅತ್ತೆಗೆ ಗೊತ್ತಿರುತ್ತೆ, ಬೆಂಕಿಯನ್ನು ಹಾಗೇ ಮೇಲಿಂದ ಆಡಿಸಿ ಎಳೆ ಸುಡೋದು. ಆಮೇಲೆ ತೊಳೆದು, ಬೊರಾಕ್ಸ್ ಮತ್ತು ಬೋರಿಕ್ ಪುಡಿ ಕರಗಿಸಿದ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಹುಳ ಕೊರೆದು ಹಿಟ್ಟು ಉದುರುತ್ತೆ.

ಗೋಡೆ ಒಂದೂವರೆ ಅಡಿ ದಪ್ಪ ಅಂದಿರಿ. ಹಾಗಾದರೆ ದೀಪ ಇಡೋ ಗೂಡುಗಳು ಇರಬೇಕಲ್ಲ? ಅವನ್ನು ಮುಚ್ಚಿಸಬೇಡಿ. ಪುಸ್ತಕ, ಗಿಡದ ಕುಂಡ, ಒಂದು ಸಣ್ಣ ಬಲ್ಬು ಇಟ್ಟರೆ ಶೆಲ್ಫಿನ ಖರ್ಚೇ ಇಲ್ಲ. ಬಲ್ಬ್ ತಗೊಳ್ಳುವಾಗ ಡಬ್ಬದ ಮೇಲೆ 3000ಕೆ ಅಂತ ಇರೋದು ನೋಡಿ, ಬೆಚ್ಚನೆಯ ಬೆಳಕು. ಮಗಳು ಓದೋ ಜಾಗಕ್ಕೆ, ಅಡುಗೆಮನೆಗೆ 4000ಕೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರೋ 6500ಕೆ ಟ್ಯೂಬ್‌ಲೈಟ್ ನೀಲಿ ಹೊಡೆಯುತ್ತೆ, ಕೆಂಪು ನೆಲ ಅದರಲ್ಲಿ ಕಂದು ಕಂದಾಗಿ ಸಪ್ಪೆ ಕಾಣುತ್ತೆ.

ಪರದೆಗೆ ಪ್ರಿಯದರ್ಶಿನಿ ಮಳಿಗೆಯಲ್ಲಿ ಕೈಮಗ್ಗದ ಹತ್ತಿ ಬಟ್ಟೆ ತಗೊಳ್ಳಿ. ಹೊಲಿಗೆ ಯಂತ್ರ ಮನೆಯಲ್ಲೇ ಇದೆ. ಗೋಡೆಗೆ ಒಂದು ಒಳ್ಳೇ ಚಿತ್ರ ಬೇಕಾದರೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಆಗುತ್ತೆ. ಬಿಡಿಸಿದವರೇ ರಸ್ತೆಯಲ್ಲಿ ಕೂತು ಮಾರ್ತಾರೆ, ನಮ್ಮ ಕೈಗೆಟುಕೋ ಬೆಲೆಯಲ್ಲೂ ಸಿಗುತ್ತೆ. ಶಿಡ್ಲಘಟ್ಟದಿಂದ ರೈಲಿದೆ. ಮಗಳ ಕೈಲೇ ಆರಿಸಿ.

ರೇಷ್ಮೆಬೀದಿ, ಶಿಡ್ಲಘಟ್ಟ

ನಿಮ್ಮೆಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮೂರು ತಲೆಮಾರಿನವರೂ ಒಟ್ಟಿಗೆ ಕೂತು ಇದನ್ನೆಲ್ಲ ಓದಿದ್ವಿ.

ಮಗಳನ್ನು ಕೇಳಿದೆ. ಶ್ರೀನಿವಾಸಪುರದ ಅಕ್ಕ ಹೇಳಿದ್ದೇ ನಿಜ, ಅವಳಿಗೆ ಬಚ್ಚಲಿನದ್ದೇ ಮುಜುಗರ. ಹಾಗಾಗಿ ಮಾಡಿನ ಸಂದಿ, ಬಚ್ಚಲು, ವೈರಿಂಗ್ ಇವು ಮೊದಲು. ಅರ್ಧಕ್ಕಿಂತ ಹೆಚ್ಚು ದುಡ್ಡು ಅಲ್ಲಿಗೇ ಹೋಗುತ್ತೆ, ಹೋಗಲಿ. ಟೈಲ್ಸ್ ಬಚ್ಚಲಿಗೆ ಮಾತ್ರ. ನಡುಮನೆಯ ಕೆಂಪು ನೆಲ ಹಾಗೇ ಇರುತ್ತೆ, ಮೇಣ ಹಚ್ಚಿ ಉಜ್ಜುತೀವಿ. ಗೋಡೆಗೆ ಸುಣ್ಣ. ಸೋಫಾ ನಮ್ಮ ಮೈದುನನ ಮನೆಗೆ ಕೊಟ್ಟು ಕಟ್ಟೆ ಕಟ್ಟಿಸ್ತೀವಿ, ಕೆಳಗೆ ಖಾನೆ ಬಿಟ್ಟು.

ಚಿತ್ರ ಆರಿಸೋ ಕೆಲಸ ಮಗಳು ಮಾಡಿದಳು. ಅವಳು ಆರಿಸಿದ ಒಂದರಲ್ಲೂ ಫಾಲ್ಸ್ ಸೀಲಿಂಗಿನ ಬಣ್ಣದ ದೀಪ ಇರಲಿಲ್ಲ! ಎಲ್ಲದರಲ್ಲೂ ಇದ್ದದ್ದು ಖಾಲಿ ನೆಲ ಮತ್ತು ಮೇಲಿಂದಲೋ ಪಕ್ಕದಿಂದಲೋ ಬರೋ ಹಗಲು ಬೆಳಕು. ನಂದಿಗೂ ಹೋಗಿಬಂದ್ವಿ. ಕೈಸಾಲೆಯಲ್ಲಿ ಅವಳು ಕಂಬ ಕಂಬಕ್ಕೂ ನಡುವಿನ ಜಾಗ ಹೆಜ್ಜೆಯಲ್ಲಿ ಅಳೆದಳು. ನಮ್ಮ ಮನೆಯದ್ದೂ ಹೆಚ್ಚುಕಡಿಮೆ ಅಷ್ಟೇ ಅಂದಳು.

ಚಂದ್ರಿಕೆ ಹಿತ್ತಿಲಲ್ಲಿ ಒಂದಲ್ಲ, ರಾಶಿ ಇವೆ. ಅತ್ತೆಯೇ ನಿಂತು ಚೆನ್ನಾಗಿರೋವು ಆರಿಸಿಟ್ಟಿದ್ದಾರೆ. ಸುಡೋ ಕೆಲಸಕ್ಕೆ ನನ್ನನ್ನು ಹತ್ತಿರ ಬಿಡಲ್ಲ ಅಂದಿದ್ದಾರೆ.

ತುಮಕೂರಿನ ತಮ್ಮ ಕೇಳಿದ ಹಾಗೆ ಬೆಳಕಿಂಡಿ ಇದೆ! ಎರಡೂ ಕಂಬದ ಮಧ್ಯಕ್ಕೆ ಸರಿಯಾಗಿ, ಎರಡಡಿಗೆ ಎರಡಡಿ. ಹುಳು ಸಾಕುವಾಗ ಬಿಸಿಲು ಬೀಳಬಾರದು ಅಂತ ಮಾವ ತಗಡು ಹೊಡೆದು ಮುಚ್ಚಿಸಿದ್ದರು. ಅದನ್ನು ತೆಗೆಸಿ ಗಾಜು ಹಾಕಿಸಬೇಕು ಅಂತ ಈಗ ಮನೆಯವರೆಲ್ಲ ಹಟ ಹಿಡಿದಿದ್ದಾರೆ. ಅತ್ತೆಗೆ ಮಾತ್ರ ಕೋತಿ ಭಯ. ನಮ್ಮ ಬೀದಿಯಲ್ಲಿ ಮಾಡಿನಿಂದ ಮಾಡಿಗೆ ಹಾರಿಕೊಂಡೇ ಓಡಾಡ್ತವೆ. ಯಾವ ಗಾಜು, ಹೇಗೆ ಕೂರಿಸೋದು ಹೇಳ್ತೀರಾ?

ಗಾರೆಕಲ್ಲು, ತುಮಕೂರು

ಅಕ್ಕ, ಕೇಳಿ ಸಂತೋಷ ಆಯ್ತು. ಮನೆಯ ಅತಿ ದೊಡ್ಡ ಬದಲಾವಣೆ ಅದೇ ಆಗುತ್ತೆ.

ಮಾಮೂಲಿ ಕಿಟಕಿ ಗಾಜು ಬೇಡವೇ ಬೇಡ, ಒಡೆದರೆ ಚೂರು ತಲೆ ಮೇಲೆ ಬೀಳುತ್ತೆ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಎರಡು ಗಾಜು ಸೇರಿಸಿ ನಡುವೆ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಕೇಳಿ, ತಲಾ ಆರು ಮಿಲಿಮೀಟರ್ ದಪ್ಪ. ಬಿರುಕು ಬಿಟ್ಟರೂ ಚೂರು ಹಾಳೆಗೆ ಅಂಟಿಕೊಂಡೇ ಇರುತ್ತೆ. ಟಫನ್ ಗಾಜನ್ನು ಆಮೇಲೆ ಕತ್ತರಿಸೋಕೆ ಬರಲ್ಲ, ಹಾಗಾಗಿ ಕೆಳಗೆ ಹೇಳೋ ಕಟ್ಟೆ ಕಟ್ಟಿ ಮುಗಿಸಿದ ಮೇಲೇ ಅಳತೆ ಕೊಡಿ.

ಚಪ್ಪಡಿಯ ತೂತನ್ನು ದೊಡ್ಡದು ಮಾಡಿಸಬೇಡಿ, ಇರೋ ಅಳತೆಯೇ ಸಾಕು. ಅದರ ಸುತ್ತ ಆರು ಇಂಚು ಎತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿಸಿ, ಒಂದು ಬದಿ ಎರಡು ಇಂಚು ತಗ್ಗಿರಲಿ. ಗಾಜು ಆ ಇಳಿಜಾರಿನಲ್ಲಿ, ಕಟ್ಟೆಯಿಂದ ಎರಡು ಇಂಚು ಹೊರಕ್ಕೆ ಚಾಚಿ ಕೂರಬೇಕು, ಆಗ ನೀರು ಸಂದಿಗೆ ನುಗ್ಗಲ್ಲ. ಗಾಜಿನಡಿ ರಬ್ಬರ್ ಪಟ್ಟಿ, ಅಂಚಿಗೆ ಸಿಲಿಕೋನ್. ಕಲ್ಲಿಗೆ ನೇರ ತಾಗಿಸಬಾರದು.

ಗಾಜಿಗೂ ಕಟ್ಟೆಗೂ ನಡುವೆ ಎರಡು ಬದಿಯಲ್ಲಿ ಅಂಗೈ ಅಗಲದ ಕಿಂಡಿ ಬಿಟ್ಟು ಸೊಳ್ಳೆ ಜಾಲರಿ ಹಾಕಿಸಿದರೆ ಮಾಡಿನಡಿಯ ಬಿಸಿಗಾಳಿ ಆಚೆ ಹೋಗುತ್ತೆ. ಇಳಿಜಾರಿನ ಮೇಲ್ಬದಿಗೆ ಬೇಡ, ಪಕ್ಕದ ಎರಡು ಬದಿಗೆ ಸಾಕು. ಇದರಿಂದ ಗಾಜಿನ ಚಾಚು ಆ ಎರಡು ಬದಿಗೆ ಇನ್ನೂ ಎರಡು ಇಂಚು ಹೆಚ್ಚಬೇಕು, ಮೇಸ್ತ್ರಿಗೆ ಹೇಳಿ. ಕೋತಿಗೆ ಹನ್ನೆರಡು ಮಿಲಿಮೀಟರ್ ಸರಳಿನ ಗ್ರಿಲ್, ನಾಲ್ಕು ಇಂಚಿಗೊಂದರಂತೆ, ಗಾಜಿನ ಮೇಲ್ಗಡೆಗೆ. ಗ್ರಿಲ್ಲಿಗೆ ತಿರುಗಣಿ ಮತ್ತು ಬೀಗ ಇರಲಿ, ಗಾಜು ಒರೆಸೋಕೆ ತೆರೀಬೇಕಲ್ಲ. ಮಳೆ ಹಿಡಿಯೋಕೆ ಮುಂಚೆ ಮುಗಿಸಿ, ಕೂರಿಸಿದ ಮಾರನೇ ದಿನ ಎರಡು ಬಿಂದಿಗೆ ನೀರು ಮೇಲಿಂದ ಸುರಿದು ನೋಡಿ. ಒಳಗೆ ಒಂದು ಹನಿ ಕಂಡರೂ ಅಂಚಿನ ಸಿಲಿಕೋನ್ ಪೂರ್ತಿ ತೆಗೆಸಿ ಮತ್ತೆ ಹಾಕಿಸಿ, ಮೇಲೆ ಮೇಲೆ ತೇಪೆ ಬೇಡ.